ಆರು ನಲವತ್ತರ ಗಾಳಿ

ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆ ಹೊತ್ತಿಗೆ ನಾನೊಂದು ಫೋಟೊ ತೆಗೆದು ಅಕ್ಕನಿಗೆ ಕಳಿಸಿದ್ದೆ. ಅದರಲ್ಲಿ ಭಾವ ಜೆಟ್ಟಿಯ ತುದಿಯಲ್ಲಿ ಕಡಲಿಗೆ ಬೆನ್ನು ಹಾಕಿ ನನ್ನ ಕಡೆ ತಿರುಗಿದ್ದಾರೆ. ಕೈಯಲ್ಲಿ ಅಕ್ಕ ಕೊಡಿಸಿದ, ಮೀನು ಹಿಡಿಯುವ ರಾಡು. ಬಾಯಿ ಅರ್ಧ ತೆರೆದಿದೆ, ಏನೋ ಹೇಳುತ್ತಿದ್ದಾರೆ. ಕಳಿಸುವಾಗ ನಾನು ನೋಡಿದ್ದು ಅಷ್ಟೇ. ಅವರ ನೀಲಿ ಚೌಕಳಿ ಅಂಗಿಯ ಅಂಚು ಯಾವ ಕಡೆಗೆ ಹಾರುತ್ತಿದೆ ಎಂದು ನೋಡಿರಲಿಲ್ಲ. ಅದನ್ನು ಆಮೇಲೆ ಆ ಮಳೆಗಾಲವಿಡೀ ನೋಡಿದೆ. ಐದು ನಿಮಿಷ ಮುಂಚೆ ತೆಗೆದ ಇನ್ನೊಂದು ಫೋಟೊದಲ್ಲಿ ಅಂಗಿ ನನ್ನ ಕಡೆಗೆ ಹಾರುತ್ತಿದೆ. ಆರು ನಲವತ್ತರ ಫೋಟೊದಲ್ಲಿ ಕಡಲಿನ ಕಡೆಗೆ. ನಡುವಿನ ಐದು ನಿಮಿಷದಲ್ಲಿ ಗಾಳಿ ತಿರುಗಿತ್ತು.

ಕಳೆದ ವಾರ ಹೊಸಹಳ್ಳಿ ಮೆಟ್ರೊ ನಿಲ್ದಾಣದಲ್ಲಿ ನಿಂತಿದ್ದಾಗ ಫೋನು ತಾನಾಗಿಯೇ ಆ ಚಿತ್ರವನ್ನು ಎತ್ತಿ ತೋರಿಸಿತು. ಎರಡು ವರ್ಷದ ಹಿಂದೆ ಇದೇ ದಿನ ಎಂದು ಸುತ್ತ ಬಣ್ಣದ ಚೌಕಟ್ಟು ಬೇರೆ. ಪ್ಲಾಟ್‌ಫಾರಂ ಎತ್ತರದಲ್ಲಿದೆ, ಮಳೆಗೆ ಮುಂಚಿನ ಗಾಳಿ ಅಲ್ಲಿ ಜೋರು. ಎದುರಿನ ಮಹಡಿಗಳ ಮೇಲೆ ಒಣಹಾಕಿದ ಸೀರೆ, ಟವೆಲ್ಲು, ಶಾಲೆಯ ಸಮವಸ್ತ್ರಗಳೆಲ್ಲ ಒಂದೇ ದಿಕ್ಕಿಗೆ ಹಾರುತ್ತಿದ್ದವು. ರೈಲು ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ನಾನು ಗೋಡೆಗೆ ಬೆನ್ನು ಒತ್ತಿಕೊಂಡು ನಿಂತೇ ಇದ್ದೆ. ಗಾಳಿ ಬೆನ್ನಿಗೆ ತಾಗುವ ಕಡೆ ನಾನು ಈಗ ನಿಲ್ಲುವುದಿಲ್ಲ.

ಭಾವ ಬಾಪೂಜಿ ನಗರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದರು. ಸುಟ್ಟುಹೋದ ಫ್ಯಾನು, ಮಿಕ್ಸಿ, ಬೋರ್‌ವೆಲ್ ಮೋಟಾರುಗಳ ಹೊಟ್ಟೆ ಬಗೆದು ತಾಮ್ರದ ತಂತಿಯನ್ನು ಸುತ್ತು ತಪ್ಪದೆ ಸುತ್ತುವುದು ಅವರ ಕೆಲಸ. ಆರು ದಿನ ತಂತಿ ಸುತ್ತಿದ ಮನುಷ್ಯ ಏಳನೆಯ ದಿನವೂ ಏನಾದರೂ ಸುತ್ತಲೇಬೇಕಲ್ಲ, ಅದಕ್ಕೇ ಮೀನಿನ ರೀಲು ಹಿಡಿದಿದ್ದಾರೆ ಎಂದು ಅಕ್ಕ ಅನ್ನುತ್ತಿದ್ದಳು. ಅಕ್ಕ ಸುಜಾತ ಹೊಸಹಳ್ಳಿಯ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ, ಲಂಗ ಹೊಲಿಯುತ್ತಾಳೆ. ಅವರಿಗೆ ಮಕ್ಕಳಿಲ್ಲ. ನಾನು ಎರಡು ರಸ್ತೆ ಆಚೆ ಒಬ್ಬನೇ ಇದ್ದೆ, ಬಸವೇಶ್ವರನಗರದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಊಟ ಅಕ್ಕನ ಮನೆಯಲ್ಲೇ. ಭಾನುವಾರ ಭಾವನ ಹಿಂದೆ ಕೆರೆಗೆ.

ಕೆಂಗೇರಿಯ ಆಚೆ ಒಂದು ಕೆರೆ. ಬಾಪೂಜಿ ನಗರದಲ್ಲೇ ಸೋಫಾ ಕುಷನ್ ಕೆಲಸ ಮಾಡುವ ಅಮ್ಜದ್ ಭಾಯ್ ತಮ್ಮ ಹಳೆಯ ವ್ಯಾನು ತರುತ್ತಿದ್ದರು. ರಾಗಿಹಿಟ್ಟು, ಶೇಂಗಾ ಹಿಂಡಿ ಕಲಸಿದ ಉಂಡೆ, ಒಂದು ಫ್ಲಾಸ್ಕ್ ಟೀ, ಮೂರು ಪ್ಲಾಸ್ಟಿಕ್ ಸ್ಟೂಲು. ಮೂವರಿಗೂ ಈಜು ಬರುತ್ತಿರಲಿಲ್ಲ. ಕೆರೆ ಏರಿಯ ಮೇಲೆ ಕೂತವನಿಗೆ ಈಜು ಯಾಕೆ ಬೇಕು? ಭಾವನಂತೂ ಕೆರೆಯ ನೀರಿಗೆ ಪಾದ ಸಹ ಇಡುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಾವಿಗೆ ಬಿದ್ದಿದ್ದರಂತೆ. ತಲೆಗೆ ನೀರು ಹೊಯ್ದುಕೊಳ್ಳುವಾಗಲೂ ಕಣ್ಣು ಮುಚ್ಚುತ್ತಿರಲಿಲ್ಲ ಎಂದು ಅಕ್ಕ ನಗುತ್ತಿದ್ದಳು.

ಕೆರೆಯಲ್ಲಿ ಅವರದೊಂದು ನಿಯಮವಿತ್ತು. ಹೋದ ಕೂಡಲೇ ಒಂದು ಚಿಟಿಕೆ ಒಣಹುಲ್ಲು ಮೇಲಕ್ಕೆ ತೂರುವರು. ಅದು ಹಾರಿದ ದಿಕ್ಕು ನೋಡಿ, ಗಾಳಿ ಬೆನ್ನಿಗೆ ಬರುವಂತೆ ಏರಿಯ ಮೇಲೆ ಜಾಗ ಹಿಡಿಯುವರು. ಗಾಳಿ ಬೆನ್ನಿಗಿದ್ದರೆ ಎಸೆದ ಗಾಳ ಹತ್ತು ಮಾರು ಹೆಚ್ಚು ದೂರ ಹೋಗಿ ಬೀಳುತ್ತದೆ. ನಮಗೆ ಗಾಳಿಯೆಂದರೆ ಅಷ್ಟೇ ಗೊತ್ತಿತ್ತು, ಅದು ನಮ್ಮ ಕಡೆಯದು.

ರಾಡಿಗೆ ಕಟ್ಟಿದ್ದ ಲಾಡಿಯ ಕಥೆಯೂ ಆ ಕೆರೆಯದೇ. ಹಿಂದೆ ಒಂದು ಭಾನುವಾರ ಭಾವ ರಾಡನ್ನು ಕವೆಕಡ್ಡಿಗೆ ಒರಗಿಸಿ ಟೀ ಬಗ್ಗಿಸಿಕೊಳ್ಳುತ್ತಿದ್ದಾಗ ದೊಡ್ಡ ಕಾಟ್ಲಾ ಮೀನೊಂದು ಗಾಳವನ್ನು ರಾಡು ಸಮೇತ ಎಳೆದುಕೊಂಡು ಹೋಯಿತು. ಕೆರೆಯ ನಡುವಿನವರೆಗೂ ರಾಡಿನ ಹಿಡಿ ತೇಲುತ್ತಾ ಹೋಗುವುದನ್ನು ಮೂವರೂ ನಿಂತು ನೋಡಿದೆವು. ಭಾವ ಒಂದು ತಿಂಗಳು ಮಂಕಾಗಿದ್ದರು. ಕೊನೆಗೆ ಅಕ್ಕನೇ ಅವರನ್ನು ಅಂಗಡಿಗೆ ಕರೆದುಕೊಂಡು ಹೋಗಿ ಹೊಸ ರಾಡು ಕೊಡಿಸಿದಳು. ಕೈಗೆ ಕೊಡುವಾಗ ಹೇಳಿದಳು, "ನೋಡ್ರೀ, ಇದನ್ನೂ ಕೆರೆಗೆ ಹಾಕಿ ಬಂದ್ರೆ ಮನೆಗೆ ಬರ್ಬೇಡಿ. ಅಲ್ಲೇ ಮೀನಿನ ಜೊತೆ ಸಂಸಾರ ಮಾಡಿ."

"ಹಾಗಾದ್ರೆ ಕಟ್ಟಿ ಹಾಕು ಟೈಲರಮ್ಮಾ," ಅಂದರು ಭಾವ.

ಅಕ್ಕ ಹಾಗೆಯೇ ಮಾಡಿದಳು. ಲಂಗಕ್ಕೆ ಹಾಕುವ ಕಪ್ಪು ನೈಲಾನ್ ಲಾಡಿಯನ್ನು ಮೂರೆಳೆ ಹೆಣೆದು, ಒಂದು ತುದಿಯನ್ನು ರಾಡಿನ ಹಿಡಿಗೆ ಭದ್ರವಾಗಿ ಹೊಲಿದುಕೊಟ್ಟಳು. ಇನ್ನೊಂದು ತುದಿ ಭಾವನ ಸೊಂಟದ ಬೆಲ್ಟಿಗೆ. ಮೊದಲ ದಿನ ಅಮ್ಜದ್ ಭಾಯ್ ವ್ಯಾನಿನಿಂದ ಇಳಿಯುವ ಮೊದಲೇ ಶುರು ಮಾಡಿದರು.

"ಏನ್ ರಾಜಣ್ಣ, ಹೆಂಡ್ತಿ ಲಂಗದ ಲಾಡಿ ಕಟ್ಕೊಂಡು ಬಂದಿದೀರ? ಮೀನ್ ನೋಡಿದ್ರೆ ನಗ್ತದೆ."

"ನಗ್ಲಿ ಬಿಡಿ ಭಾಯ್. ನಗೋಕೆ ಬಾಯಿ ತೆಗೀಬೇಕಲ್ಲ, ಆವಾಗ ಗಾಳ ಹಾಕ್ತೀನಿ."

ಆಮೇಲೆ ಲಾಡಿ ನಮಗೆ ಅಭ್ಯಾಸವಾಗಿ ಹೋಯಿತು. ಭಾವ ಅದನ್ನು ಬೆಲ್ಟಿಗೆ ಕಟ್ಟುತ್ತಿದ್ದುದು ಷೂ ಲೇಸಿನ ಹಾಗೆ ಜೀರುಗುಣಿಕೆಯಲ್ಲಿ. ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟು. ಈ ಮಾತು ನೆನಪಿನಲ್ಲಿರಲಿ.

ಕಡಲಿಗೆ ಹೋಗೋಣ ಎಂದು ಎರಡು ವರ್ಷದಿಂದ ಮಾತಾಡಿಕೊಳ್ಳುತ್ತಲೇ ಇದ್ದೆವು. ಆ ವರ್ಷ ಮೇ ತಿಂಗಳ ಕೊನೆಯ ಶನಿವಾರ ಹೊರಟೇಬಿಟ್ಟೆವು. ಇನ್ನೊಂದು ವಾರ ಕಳೆದರೆ ಮಳೆಗಾಲ. ಆಮೇಲೆ ಎರಡು ತಿಂಗಳು ಕಡಲ ಕಡೆ ಹೋಗುವ ಹಾಗೇ ಇಲ್ಲ. ಕುಂದಾಪುರದ ಆಚೆ ಒಂದು ಸಣ್ಣ ಊರು. ಅದರ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ. ಬೆಳಗಿನ ಜಾವ ತಲುಪಿದೆವು. ರಾತ್ರಿಯೆಲ್ಲ ವ್ಯಾನು ಓಡಿಸಿದ್ದ ಅಮ್ಜದ್ ಭಾಯ್, "ನೀವು ಹೋಗಿ ಹಿಡೀರಿ, ನಾನು ಎದ್ದು ತಿನ್ತೀನಿ" ಎಂದು ಹಿಂದಿನ ಸೀಟಿನಲ್ಲಿ ಮಲಗಿದರು. ನಾನೂ ಭಾವನೂ ಸಾಮಾನು ಹೊತ್ತು ಜೆಟ್ಟಿಯ ಮೇಲೆ ನಡೆದೆವು.

ಕಡಲೊಳಗೆ ಉದ್ದಕ್ಕೆ ಚಾಚಿದ್ದ ಕಾಂಕ್ರೀಟ್ ದಾರಿ, ಕೆಳಗೆ ದಪ್ಪ ಕಂಬಗಳು. ಅಂಚಿಗೆ ಮೊಣಕಾಲಿನಷ್ಟೂ ಎತ್ತರವಿಲ್ಲದ ಕಟ್ಟೆ. ತುದಿಯಲ್ಲಿ ಒಬ್ಬ ಮುದುಕರು ಕೂತಿದ್ದರು. ಅವರ ಬಳಿ ರಾಡೂ ಇಲ್ಲ, ರೀಲೂ ಇಲ್ಲ. ಒಂದು ನೀರಿನ ಬಾಟಲಿಗೆ ದಾರ ಸುತ್ತಿಟ್ಟುಕೊಂಡು ಬೆರಳಲ್ಲಿ ಹಿಡಿದಿದ್ದರು. ಭಾವ ಅವರಿಗೆ ಕೈ ಮುಗಿದರು. ಅವರು ನಮ್ಮ ರಾಡು ನೋಡಿ, ಲಾಡಿ ನೋಡಿ, ಮತ್ತೆ ತಮ್ಮ ದಾರದ ಕಡೆ ತಿರುಗಿದರು.

ಗಾಳಿ ಆಗ ಕಡಲಿನಿಂದ ಮುಖಕ್ಕೆ ಹೊಡೆಯುತ್ತಿತ್ತು. ಭಾವ ಎಷ್ಟು ಬೀಸಿ ಎಸೆದರೂ ಗಾಳ ಮುಗ್ಗರಿಸಿದ ಹಾಗೆ ಹತ್ತಿರದಲ್ಲೇ ಬೀಳುತ್ತಿತ್ತು. ಅಲೆ ಅದನ್ನು ತಂದು ಕಂಬಗಳ ನಡುವೆ ಸಿಕ್ಕಿಸುತ್ತಿತ್ತು. ಎರಡು ಸೀಸದ ಗುಂಡು ಹೋದವು. "ಇದೇನೋ ಇದು, ಎಸೆದಿದ್ದನ್ನ ವಾಪಸ್ ಕಳಿಸ್ತಾ ಇದೆ," ಅಂದರು. ನಾನು ಸೀಗಡಿ ಕೊಯ್ಯುತ್ತಾ ಕೂತಿದ್ದೆ. ಐಸ್‌ಕ್ರೀಂ ಡಬ್ಬಿಯ ತುಂಬ ಸೀಗಡಿ, ಒಂದು ಸಣ್ಣ ಚಾಕು.

ಆಗ ಗಾಳಿ ನಿಂತಿತು. ಕಿವಿಯಲ್ಲಿದ್ದ ಸದ್ದು ಒಮ್ಮೆಗೇ ಹೋಯಿತು. ಹಿಂದೆ ತಿರುಗಿ ನೋಡಿದರೆ ಪೂರ್ವಕ್ಕೆ, ಬೆಟ್ಟಗಳ ಮೇಲೆ, ಕಡುಗಪ್ಪು ಮೋಡ. ಅಲ್ಲಿಂದ ಗಾಳಿ ಹೊರಟಿತು. ಮೊದಲು ದಡದ ತೆಂಗಿನ ಗರಿಗಳು ಮಗುಚಿದವು, ಆಮೇಲೆ ಜೆಟ್ಟಿಯ ಮೇಲಿನ ಮರಳು ನಮ್ಮ ಕಾಲ ಬಳಿ ಕಡಲ ಕಡೆ ಓಡತೊಡಗಿತು. ಭಾವನ ಮುಖ ಅರಳಿತು. ಜೇಬಿನಿಂದ ಹಳೆಯ ಬಸ್ ಟಿಕೆಟ್ ತೆಗೆದು ಚೂರು ಮಾಡಿ ತೂರಿದರು. ಚೂರುಗಳು ನೇರ ಕಡಲಿಗೆ ಹಾರಿದವು. ಆಗಲೇ ನಾನು ಫೋಟೊ ತೆಗೆದದ್ದು. ಅವರು ಬಾಯಿ ತೆರೆದು ಹೇಳುತ್ತಿದ್ದ ಮಾತು, "ಬೆನ್ನಿಗೆ ಬಂತು ಕಣೋ!"

ಮುದುಕರು ದಾರ ಸುತ್ತಿಕೊಂಡು ಎದ್ದರು. "ಗಾಳಿ ತಿರ್ಗಿತಲ್ಲ ಮಾರಾಯ್ರೆ. ಇನ್ನು ತುದೀಲಿ ನಿಲ್ಬೇಡಿ. ಈಚೆ ಬನ್ನಿ."

"ತಿರುಗಿದ್ದು ಒಳ್ಳೇದೇ ಆಯ್ತಲ್ಲ ಯಜಮಾನ್ರೇ, ಈಗ ಬೆನ್ನಿಗಿದೆ."

"ಬೆನ್ನಿಗಿದ್ರೆ ಅದು ನಿಮ್ಮನ್ನ ದೂಡುದು ಎಲ್ಲಿಗೆ? ಕಡಲಿಗೇ ಅಲ್ವಾ?"

ಭಾವ ನಕ್ಕರು. ನಾನೂ ನಕ್ಕೆ. ಬಲ, ದಿಕ್ಕು, ಎರಡೂ ಸೇರಿದರೆ ಏನಾಗುತ್ತದೆ ಎಂದು ವರ್ಷಕ್ಕೆ ಇನ್ನೂರು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುವ ನಾನು, ಆ ಮನುಷ್ಯ ಒಂದೇ ವಾಕ್ಯದಲ್ಲಿ ಹೇಳಿದ ಪಾಠಕ್ಕೆ ನಕ್ಕೆ. ಮುದುಕರು ದಡದ ಕಡೆ ಹತ್ತಿಪ್ಪತ್ತು ಹೆಜ್ಜೆ ಹೋಗಿ, ಒಂದು ಕಬ್ಬಿಣದ ಗೂಟದ ಮರೆಯಲ್ಲಿ ಕೂತರು.

"ಲಾಡಿ ಕಟ್ಟೋ ಪಚ್ಚು, ನನ್ ಕೈಯೆಲ್ಲಾ ಸೀಗಡಿ," ಅಂದರು ಭಾವ.

ನಾನು ಕಟ್ಟಿದೆ. ಗಾಳಿ ಜೋರಾಗಿದೆ, ಜೀರುಗುಣಿಕೆ ಸಾಲದು ಅನ್ನಿಸಿತು. ನಮ್ಮಪ್ಪ ಗೂಡ್ಸ್ ಟೆಂಪೊ ಓಡಿಸುತ್ತಿದ್ದರು. ಹೊರೆಗೆ ಹಗ್ಗ ಬಿಗಿಯುವ ಗಂಟೊಂದನ್ನು ನನಗೂ ಅಕ್ಕನಿಗೂ ಕಲಿಸಿದ್ದರು. ಎಳೆದಷ್ಟೂ ಬಿಗಿಯಾಗುವ ಗಂಟು. ಅದನ್ನು ಹಾಕಿದೆ. ಎರಡು ಸಲ ಹಾಕಿದೆ. "ಆಯ್ತಾ?" ಅಂದರು. "ಇನ್ನು ಭೂಮಿ ಬಿರಿದ್ರೂ ಬಿಚ್ಚಲ್ಲ ಭಾವ," ಅಂದೆ.

ಭಾವ ಎಸೆದರು. ಅಷ್ಟು ದೂರ ಅವರು ಜನ್ಮದಲ್ಲಿ ಎಸೆದಿರಲಿಲ್ಲ. ಗಾಳಿ ಗಾಳವನ್ನು ಎತ್ತಿಕೊಂಡು ಹೋಯಿತು. ರೀಲು ಬಿಚ್ಚುತ್ತಲೇ ಇತ್ತು. ಕೆರೆಯ ಅಭ್ಯಾಸದಂತೆ, ದಾರ ಮತ್ತೆ ಬಿಚ್ಚದ ಹಾಗೆ ರೀಲಿನ ಬ್ರೇಕನ್ನು ಪೂರ್ತಿ ಬಿಗಿ ಮಾಡಿದರು. ದಾರ ನೀರಿಗೆ ಬೀಳದೆ, ಗಾಳಿಯಲ್ಲಿ ಕಮಾನಾಗಿ ಮೇಲೆದ್ದು, ಬಹಳ ದೂರದವರೆಗೆ ನೀರಿನ ಮೇಲೆಯೇ ತೂಗಾಡುತ್ತಿತ್ತು. ನೋಡಲು ಚೆನ್ನಾಗಿತ್ತು. ಈಗಲೂ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಆ ಕಮಾನು.

ದೋಣಿ ಬಂದದ್ದು ನಮಗೆ ಕೇಳಲಿಲ್ಲ. ಮಳೆ ಬರುವ ಮುಂಚೆ ದಡ ಸೇರಲು ಎಂಜಿನ್ ಹಾಕಿಕೊಂಡು ಜೆಟ್ಟಿಯ ಮುಂದೆ ಅಡ್ಡ ಹಾಯುತ್ತಿದ್ದ ಮೀನುಗಾರಿಕೆ ದೋಣಿ ಅದು. ಗಾಳಿ ನಮ್ಮಿಂದ ಅವರ ಕಡೆಗೆ ಬೀಸುತ್ತಿದ್ದುದರಿಂದ ಅವರ ಎಂಜಿನ್ ಸದ್ದು ನಮ್ಮವರೆಗೆ ಬರಲೇ ಇಲ್ಲ. ಭಾವ ನನ್ನ ಕಡೆ ತಿರುಗಿ ಏನೋ ಹೇಳುತ್ತಿದ್ದರು. ನಾನು ತಲೆ ತಗ್ಗಿಸಿ ಸೀಗಡಿ ಕೊಯ್ಯುತ್ತಿದ್ದೆ. ದೋಣಿಯಲ್ಲಿದ್ದವರಿಗಂತೂ ಗಾಳಿಯಲ್ಲಿ ತೂಗುವ ಒಂದು ಎಳೆ ದಾರ ಕಾಣುವುದುಂಟೇ? ಅದು ದೋಣಿಯ ಯಾವುದೋ ಗೂಟಕ್ಕೆ ಸಿಕ್ಕಿಕೊಂಡಿತು.

ರಾಡು ಬಾಗಿತು. "ಬಿತ್ತು ಕಣೋ! ಬಿತ್ತು!" ಎಂದು ಭಾವ ಕೂಗಿದರು. ಅವರ ಜನ್ಮದ ಅತಿ ದೊಡ್ಡ ಮೀನು. ಎರಡು ಹೆಜ್ಜೆ ಮುಂದಕ್ಕೆ ಹೋದರು. ನಾನು ಎದ್ದು ಹಿಂದಿನಿಂದ ಅವರ ಅಂಗಿ ಹಿಡಿದೆ. ಆಗ ನನಗೆ ದೋಣಿ ಕಾಣಿಸಿತು. ಕಾಣಿಸಿತು, ಆದರೆ ಅದನ್ನೂ ಈ ಎಳೆತವನ್ನೂ ತಲೆ ಜೋಡಿಸಲಿಲ್ಲ. ಇಬ್ಬರ ಬೆನ್ನಿಗೂ ಗಾಳಿ ಕೈಯಿಟ್ಟು ದೂಡುತ್ತಿತ್ತು. ನನ್ನ ಬಲಗೈಯಲ್ಲಿ ಚಾಕು ಇತ್ತು. ಲಾಡಿ ಚಾಕುವಿನಿಂದ ಒಂದು ಗೇಣು ದೂರದಲ್ಲಿ ಬಿಗಿದು ನಿಂತಿತ್ತು.

"ಭಾವಾ, ಕತ್ತರಿಸ್ಲಾ?"

ಅವರು ಪೂರ್ತಿ ತಿರುಗಲಿಲ್ಲ, ಕೆನ್ನೆ ಮಾತ್ರ ಕಂಡಿತು. ನಗುತ್ತಿದ್ದರು. "ಬೇಡ ಕಣೋ! ರಾಡ್ ಹೋದ್ರೆ ನಿಮ್ಮಕ್ಕ ನನ್ನ ಸಾಯಿಸ್ತಾಳೆ!"

ನನಗೂ ನಗು ಬಂತು. ಆ ನಗುವಿನ ಅಳತೆ ನನಗೆ ಗೊತ್ತು. ಮೂರು ಸೆಕೆಂಡು. ಕಾಲೇಜಿನ ಲ್ಯಾಬಿನಲ್ಲಿ ಸ್ಟಾಪ್‌ವಾಚ್ ಹಿಡಿದು ನಾನೇ ಅಳೆದಿದ್ದೇನೆ. ಆ ಮೂರು ಸೆಕೆಂಡಿನಲ್ಲಿ ಅವರ ಕಾಲು ಕಟ್ಟೆಗೆ ತಗುಲಿತು, ಅಂಗಿಯ ಬಟ್ಟೆ ನನ್ನ ಮುಷ್ಟಿಯಿಂದ ಹರಿದು ಜಾರಿತು, ಜೆಟ್ಟಿಯ ತುದಿಯಲ್ಲಿ ನಾನೊಬ್ಬನೇ ಇದ್ದೆ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಬಿದ್ದ ಹೊಡೆತಕ್ಕೆ ದಾರ ತುಂಡಾಗಿತ್ತು, ದೋಣಿ ಅವರನ್ನು ಎಳೆದುಕೊಂಡು ಹೋಗಲಿಲ್ಲ. ಆದರೆ ಅಲೆ ಅವರನ್ನು ಜೆಟ್ಟಿಯ ಕೆಳಗೆ ನೂಕಿತು. ಸೊಂಟಕ್ಕೆ ಕಟ್ಟಿದ್ದ ರಾಡು ಎರಡು ಕಂಬಗಳ ನಡುವೆ ಅಡ್ಡ ಸಿಕ್ಕಿಕೊಂಡಿತು. ಒಮ್ಮೆ ಅವರ ಕೈ ಕಂಡಿತು. ಆ ಕೈ ಸೊಂಟದ ಕಡೆಗೆ ಹೋಯಿತು, ಗಂಟಿನ ಕಡೆಗೆ. ನಾನು ಹಾರಲು ಹೋದೆ. ಮುದುಕರು ಓಡಿ ಬಂದು ನನ್ನನ್ನು ಸೊಂಟದಲ್ಲಿ ಹಿಡಿದು ಕೆಡವಿ ನನ್ನ ಮೇಲೆಯೇ ಕೂತು, ದೋಣಿಯವರಿಗೆ ಕೂಗಿದರು. ದೋಣಿ ತಿರುಗಿ ಬಂತು. ಒಬ್ಬ ಹುಡುಗ, ಇಪ್ಪತ್ತು ವರ್ಷ ಇದ್ದಿರಬಹುದು, ಬಾಯಲ್ಲಿ ಕತ್ತಿ ಕಚ್ಚಿಕೊಂಡು ನೀರಿಗಿಳಿದ. ಒಂದೇ ಏಟಿಗೆ ಲಾಡಿ ಕತ್ತರಿಸಿದ. ಒಂದೇ ಏಟು ಸಾಕಾಗಿತ್ತು. ಆದರೆ ಅಷ್ಟರಲ್ಲಿ ಬಹಳ ಹೊತ್ತಾಗಿತ್ತು.

ವ್ಯಾನಿನಲ್ಲಿ ಎದ್ದ ಅಮ್ಜದ್ ಭಾಯ್ ಟೀ ಕುಡಿದು, ನಮಗೆಂದು ಎರಡು ಲೋಟ ಹಿಡಿದುಕೊಂಡು ಜೆಟ್ಟಿಯ ಮೇಲೆ ನಡೆದು ಬರುತ್ತಿದ್ದರು.

ಅಕ್ಕನಿಗೆ ಫೋನು ಮಾಡುವ ಮುಂಚೆ ನಾನು ಫೋನು ನೋಡಿದೆ. ಆರು ನಲವತ್ತರ ಫೋಟೊಗೆ ಅವಳ ಉತ್ತರ ಬಂದು ಕೂತಿತ್ತು. "ಮೀನೆಲ್ಲಿ? ಬರೀ ನಿಮ್ಮ ಭಾವನ್ನ ಹಿಡ್ದಿದೀಯ."

ಹನ್ನೊಂದನೆಯ ದಿನದ ಕಾರ್ಯ ಮುಗಿಯುವ ಹೊತ್ತಿಗೆ ಬೆಂಗಳೂರಿಗೆ ಮಳೆ ಬಂದಿತ್ತು. ನಾನು ನನ್ನ ಕೋಣೆಗೆ ಬೀಗ ಹಾಕಿ ಅಕ್ಕನ ಮನೆಯ ಹಾಲಿಗೆ ಚಾಪೆ ತಂದೆ. ಬಂದ ನೆಂಟರೆಲ್ಲ ಹೋದ ಮೊದಲ ದಿನವೇ ಅಕ್ಕ ಕೇಳಿದಳು.

"ಪಚ್ಚು, ಕೊನೇಲಿ ಏನಂದ್ರು ಕಣೋ?"

ನಾನು ಸಿದ್ಧನಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. "ನಿನ್ ಹೆಸರು ಕರೆದ್ರು ಅಕ್ಕ. ಸುಜಾತಾ ಅಂದ್ರು."

ಅಕ್ಕ ನನ್ನ ಮುಖವನ್ನೇ ನೋಡಿದಳು. "ಹೌದಾ," ಅಂದಳು. ಎದ್ದು ಮಿಷಿನ್ ಮುಂದೆ ಕೂತಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಭಾವ ಅವಳನ್ನು ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ. ಟೈಲರಮ್ಮ, ಮೇಡಮ್ಮೋರು, ಏ ಇವಳೇ. ಅದು ನನಗೆ ಹೇಳಿದ ಮೇಲೆ ನೆನಪಾಯಿತು. ಅವಳಿಗೆ ಕೇಳಿದ ಕೂಡಲೇ ಗೊತ್ತಾಗಿತ್ತು. ನಾನು ಸುಳ್ಳು ಹೇಳಿದೆ ಎಂದು ಗೊತ್ತಾದ ಮೇಲೆ, ನಿಜ ಎಂಥದ್ದಿರಬಹುದು ಎಂಬ ಯೋಚನೆಯನ್ನು ಒಬ್ಬಳೇ ಹೊತ್ತುಕೊಂಡಳು.

ಆ ಮಳೆಗಾಲ ಇಬ್ಬರೂ ನಿದ್ದೆ ಮಾಡಲಿಲ್ಲ. ಕಣ್ಣು ಹತ್ತಿದರೆ ನನ್ನ ಮುಷ್ಟಿಯಿಂದ ಅಂಗಿ ಜಾರುತ್ತಿತ್ತು. ಎದ್ದು ಕೂತರೆ ಒಳಗೆ ಅಕ್ಕನ ಬಳೆ ಸದ್ದು ಕೇಳುತ್ತಿತ್ತು. ಬಳೆ ತೆಗೆಯುವುದಿಲ್ಲ ಎಂದು ನೆಂಟರ ಮುಂದೆ ಹಟ ಮಾಡಿ ಉಳಿಸಿಕೊಂಡಿದ್ದಳು. ಯಾರೂ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ನಿದ್ದೆ ಎಷ್ಟು ಹೊತ್ತಿಗೆ ಬಂದರೂ ಬೆಳಿಗ್ಗೆ ಆರು ನಲವತ್ತಕ್ಕೆ ನನಗೆ ಎಚ್ಚರವಾಗುತ್ತಿತ್ತು. ಅಲಾರಂ ಬೇಕಿರಲಿಲ್ಲ. ಎದ್ದು, ಕಿಟಕಿಯ ಹೊರಗೆ ಪಕ್ಕದ ಮನೆಯವರ ಬಟ್ಟೆ ಯಾವ ಕಡೆ ಹಾರುತ್ತಿದೆ ಎಂದು ನೋಡುತ್ತಿದ್ದೆ.

ಕಾಲೇಜು ಶುರುವಾಯಿತು. ಮೊದಲ ಪಿಯು ಮಕ್ಕಳಿಗೆ ಬಲಗಳ ಸಂಯೋಜನೆ. ಬೋರ್ಡಿನ ಮೇಲೆ ಒಂದು ಚುಕ್ಕೆ ಇಟ್ಟೆ, ಅದರಿಂದ ಬಲಕ್ಕೊಂದು ಬಾಣ ಎಳೆದೆ. ಅದೇ ದಿಕ್ಕಿಗೆ ಇನ್ನೊಂದು ಬಾಣ ಎಳೆಯಬೇಕಿತ್ತು. ಕೈ ಮೇಲೇಳಲಿಲ್ಲ. ಚುಕ್ಕೆಯನ್ನು ನೋಡುತ್ತಾ ಎಷ್ಟು ಹೊತ್ತು ನಿಂತಿದ್ದೆನೋ, ಮುಂದಿನ ಬೆಂಚಿನ ಹುಡುಗಿ, "ಸಾರ್, ನೀರು ಬೇಕಾ ಸಾರ್?" ಎಂದು ಬಾಟಲಿ ಚಾಚಿದಳು.

ಆಷಾಢ ಬಂತು. ಆಷಾಢದ ಗಾಳಿ ಬೆಂಗಳೂರಿನಲ್ಲಿ ಹೇಗೆ ಬೀಸುತ್ತದೆ ಎಂದು ಎಲ್ಲರಿಗೂ ಗೊತ್ತು. ತಗಡು ಅಲುಗುತ್ತದೆ, ಬಾಗಿಲು ಬಡಿಯುತ್ತದೆ, ಮೈಸೂರು ರಸ್ತೆಯಲ್ಲಿ ಸ್ಕೂಟರು ಅರ್ಧ ಪಕ್ಕಕ್ಕೆ ಹೋಗುತ್ತದೆ. ನಾನು ಗೋಡೆ ಹಿಡಿದು ನಡೆಯುತ್ತಿದ್ದೆ. ಅಮ್ಜದ್ ಭಾಯ್ ಪ್ರತಿ ಶುಕ್ರವಾರ ಮನೆಗೆ ಬಂದು ಬಾಗಿಲಲ್ಲೇ ನಿಂತು, "ಬೆಹನ್, ಏನಾದ್ರೂ ಬೇಕಾ?" ಎಂದು ಕೇಳಿ ಹೋಗುತ್ತಿದ್ದರು. ಒಳಗೆ ಬನ್ನಿ ಅಂದರೂ ಬರುತ್ತಿರಲಿಲ್ಲ. ಒಂದು ದಿನ ಗೇಟಿನ ಹತ್ತಿರ ನನ್ನ ಕೈ ಹಿಡಿದುಕೊಂಡರು.

"ನಾನು ಮಲ್ಕೊಂಡಿದ್ದೆ ಪಚ್ಚು. ನಾನು ಎದ್ದಿದ್ರೆ ಎಳೀತಿದ್ದೆ. ನಾವಿಬ್ರು ಸೇರಿ ಎಳೀಬಹುದಿತ್ತು."

ಅವರಿಗೆ ಗಂಟಿನ ವಿಷಯ ಗೊತ್ತಿರಲಿಲ್ಲ, ಚಾಕುವಿನ ವಿಷಯ ಗೊತ್ತಿರಲಿಲ್ಲ. ಆಸ್ಪತ್ರೆಯವರು ಕೊಟ್ಟ ಕವರಿನಲ್ಲಿ ಭಾವನ ಬಟ್ಟೆ, ಬೆಲ್ಟು, ಬೆಲ್ಟಿಗೆ ಕಟ್ಟಿದಂತೆಯೇ ಉಳಿದಿದ್ದ ಒಂದು ಮೊಳ ಲಾಡಿ ಇದ್ದವು. ಅದನ್ನು ಯಾರಿಗೂ ತೋರಿಸದೆ ನನ್ನ ಬೀಗ ಹಾಕಿದ ಕೋಣೆಯ ಬೀರುವಿನಲ್ಲಿ ಇಟ್ಟಿದ್ದೆ. ಅಕ್ಕ ಒಮ್ಮೆ ಕೇಳಿದಾಗ, ಆಸ್ಪತ್ರೆಯವರು ಕೊಡಲಿಲ್ಲ ಎಂದೆ. ಅದು ಎರಡನೆಯ ಸುಳ್ಳು.

ಗೌರಿ ಹಬ್ಬದ ಹಿಂದಿನ ವಾರಗಳು ಅಕ್ಕನಿಗೆ ವರ್ಷದ ಅತಿ ಹೆಚ್ಚು ಕೆಲಸದ ದಿನಗಳು. ನಮಗೆ ಆ ವರ್ಷ ಹಬ್ಬವಿಲ್ಲ. ಆದರೂ ಬೀದಿಯ ಹೆಂಗಸರು ರವಿಕೆ ಬಟ್ಟೆ ತಂದು ಕೊಟ್ಟು, ಎರಡು ಮಾತಾಡಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಒಂದು ಶನಿವಾರ ಮಧ್ಯಾಹ್ನ ನಾನು ಕಾಲೇಜಿನಿಂದ ಬಂದು ಕೂತಿದ್ದೆ. ಅಕ್ಕ ಯಾರದೋ ಹಬ್ಬದ ಸೀರೆಗೆ ಲಂಗ ಹೊಲಿದು ಮುಗಿಸಿದಳು. ಮಿಷಿನ್ನಿನಿಂದ ತಲೆಯೆತ್ತದೆ ಕೈ ಚಾಚಿದಳು.

"ಮೇಲ್ಗಡೆ ಶೆಲ್ಫಲ್ಲಿ ಲಾಡಿ ಇದೆ ಕೊಡೋ. ಕರೀದು."

ನಾನು ಎದ್ದೆ. ಶೆಲ್ಫಿನಲ್ಲಿ ಕಪ್ಪು ನೈಲಾನ್ ಲಾಡಿಯ ಸುರುಳಿ ಇತ್ತು. ಅದೇ ಸುರುಳಿ. ಮೂರು ಎಳೆ ಕತ್ತರಿಸಿದ ತುದಿ ಹಾಗೇ ಇತ್ತು. ಕೈ ಅದರ ಹತ್ತಿರದವರೆಗೂ ಹೋಗಿ ನಿಂತಿತು. ಮುಟ್ಟಲಾಗಲಿಲ್ಲ. ಮಿಷಿನ್ ತುಳಿಯುತ್ತಿದ್ದ ಅಕ್ಕನ ಕಾಲು ನಿಂತಿತು.

"ಏನಾಯ್ತೋ?"

"ಅಕ್ಕ, ಅವರು ನಿನ್ನ ಹೆಸರು ಕರೀಲಿಲ್ಲ."

"ಗೊತ್ತು," ಅಂದಳು. "ಕೂತ್ಕೊ. ಹೇಳು."

ಶೆಲ್ಫಿಗೆ ಮುಖ ಹಾಕಿಕೊಂಡೇ ಹೇಳಿದೆ. ಗಾಳಿ ತಿರುಗಿದ್ದು, ಮುದುಕರು ಹೇಳಿದ್ದು, ನಾವು ನಕ್ಕಿದ್ದು. ಅಪ್ಪನ ಗಂಟು ಎರಡು ಸಲ ಹಾಕಿದ್ದು. ಚಾಕು ಕೈಯಲ್ಲಿದ್ದದ್ದು. ಕತ್ತರಿಸಲಾ ಅಂದದ್ದು. ಅಲ್ಲಿಗೆ ಬಂದು ನಿಂತೆ.

"ಬೇಡ ಅಂದ್ರು. ರಾಡ್ ಹೋದ್ರೆ ನಿಮ್ಮಕ್ಕ ನನ್ನ ಸಾಯಿಸ್ತಾಳೆ ಅಂದ್ರು."

ತಿರುಗಿ ನೋಡಿದೆ. ಅಕ್ಕನ ಮುಖದಲ್ಲಿ ನಾನು ಮೂರು ತಿಂಗಳಿಂದ ಹೆದರಿಕೊಂಡಿದ್ದ ಯಾವುದೂ ಇರಲಿಲ್ಲ. ಅವಳು ಏನನ್ನೋ ಕೇಳಿಸಿಕೊಳ್ಳುತ್ತಿರುವಂತೆ ತಲೆ ವಾಲಿಸಿದ್ದಳು.

"ಹೆಂಗಂದ್ರು? ನಗ್ತಾ ಇದ್ರಾ?"

"ನಗ್ತಾ ಇದ್ರು ಅಕ್ಕ."

"ನಿಜ ಹೇಳು. ನೀರಿಗೆ ಹೆದರೋ ಮನುಷ್ಯ. ಹೆದರಿದ್ರಾ?"

"ಬೀಳೋವರೆಗೂ ನಗ್ತಾನೇ ಇದ್ರು. ಮೀನು ಅಂದ್ಕೊಂಡಿದ್ರು."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಮೊದಲು ಅವಳಿಂದ ಬಂದದ್ದು ನಗುವಿನಂಥ ಒಂದು ಸದ್ದು. ಭಾವ ಏನಾದರೂ ತಮಾಷೆ ಹೇಳಿದಾಗ, ನಗಬಾರದು ಎಂದು ತಡೆದುಕೊಂಡು ಸೋತಾಗ ಬರುತ್ತಿದ್ದ ಸದ್ದು. ಅದು ಹಾಗೇ ಅಳುವಾಯಿತು. ಮಿಷಿನ್ನಿನ ಮೇಲೆ ತಲೆಯಿಟ್ಟು ಅತ್ತಳು. ಯಾರದೋ ಹಬ್ಬದ ಲಂಗ ನೆನೆಯಿತು. ಕಾರ್ಯದ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಮುಖ ತೊಳೆದು ಬಂದು ಕೂತಳು. ನೇರ ನನ್ನ ಕಡೆ ನೋಡಿ ಹೇಳಿದಳು. "ನಾನು ಆ ಮಾತು ಆಡ್ಬಾರ್ದಿತ್ತು. ಲಾಡಿ ಹೆಣೆದು ಕೊಡ್ಬಾರ್ದಿತ್ತು. ಮೂರು ತಿಂಗಳಿಂದ ಅದೇ ಅಂದ್ಕೊಂಡು ಬಿದ್ದಿದೀನಿ." ಆಮೇಲೆ, "ನೀನು ಕತ್ತರಿಸ್ಬೇಕಿತ್ತು ಪಚ್ಚು," ಅಂದಳು.

"ಹೌದು," ಅಂದೆ.

ಅವಳು ಅದನ್ನು ಮೆತ್ತಗೆ ಮಾಡಲಿಲ್ಲ. ನಿನ್ನ ತಪ್ಪಲ್ಲ ಬಿಡು ಅನ್ನಲಿಲ್ಲ. ನನಗೆ ಆ ಮಾತನ್ನು ಎಷ್ಟೋ ಜನ ಹೇಳಿದ್ದರು, ಯಾರ ಮಾತೂ ಒಳಗಿಳಿದಿರಲಿಲ್ಲ. ಅಕ್ಕ ಹೇಳಿದ್ದು ಇಳಿಯಿತು. ಕತ್ತರಿಸಬೇಕಿತ್ತು, ಕತ್ತರಿಸಲಿಲ್ಲ. ಅದು ನಡೆದುಹೋದ ಸಂಗತಿ. ಅದನ್ನೀಗ ನನ್ನ ಹಾಗೆ ಇನ್ನೊಬ್ಬರೂ ತಿಳಿದಿದ್ದರು.

"ಬಟ್ಟೆ ನಿನ್ ಹತ್ರಾನೇ ಇದೆ ಅಲ್ವಾ? ತಗೊಂಬಾ ಹೋಗು."

ಎರಡು ರಸ್ತೆ ಆಚೆ ಹೋಗಿ ಬೀಗ ತೆಗೆದು ಕವರು ತಂದೆ. ಬಿಚ್ಚಿದ ಕೂಡಲೇ ಕೋಣೆಯ ತುಂಬ ಉಪ್ಪಿನ, ಸೀಗಡಿಯ ವಾಸನೆ. ಅಕ್ಕ ಅಂಗಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಹರಿದ ಬೆನ್ನಿನ ಮೇಲೆ ಅಂಗೈಯಾಡಿಸಿದಳು. ನನ್ನ ಮುಷ್ಟಿ ಹಿಡಿದಿದ್ದ ಜಾಗ ಅದು. ಆಮೇಲೆ ಬೆಲ್ಟನ್ನು ಎತ್ತಿ ಗಂಟು ನೋಡಿದಳು.

"ಅಪ್ಪನ ಗಂಟು," ಅಂದಳು. "ಗಟ್ಟಿಯಾಗೇ ಹಾಕಿದೀಯ."

ಕತ್ತರಿ ಅವಳ ಕೈಗೆಟುಕುವಲ್ಲೇ ಇತ್ತು. ಅದನ್ನು ಮುಟ್ಟಲಿಲ್ಲ. ಹೊಲಿಗೆ ಬಿಚ್ಚುವ ದಪ್ಪ ಸೂಜಿ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ತಿರುಗಿ ಕೂತು, ಎಳೆ ಎಳೆಯಾಗಿ ಎತ್ತತೊಡಗಿದಳು. ಉಪ್ಪುನೀರಿನಲ್ಲಿ ನೆನೆದು ಒಣಗಿದ ಗಂಟು ಕಲ್ಲಾಗಿತ್ತು. ನಾನು ಬೆಲ್ಟಿನ ಇನ್ನೊಂದು ತುದಿ ಹಿಡಿದುಕೊಂಡೆ. ಅವಳು ಸೂಜಿ ಆಡಿಸುತ್ತಾ ಹಳೆಯದೆಲ್ಲ ಹೇಳಿದಳು, ಮದುವೆಯಾದ ಹೊಸದರಲ್ಲಿ ಭಾವ ಮಿಕ್ಸಿ ಮೋಟಾರು ತಂದು ಅವಳ ಹೊಲಿಗೆ ಮಿಷಿನ್ನಿಗೆ ಜೋಡಿಸಿದ್ದು, ಅದು ಒಂದೇ ಉಸಿರಿಗೆ ರವಿಕೆಯ ತೋಳು ಕುತ್ತಿಗೆ ಎಲ್ಲ ಸೇರಿಸಿ ಹೊಲಿದುಬಿಟ್ಟಿದ್ದು. ಬೀದಿಯಲ್ಲಿ ಮಕ್ಕಳು ಗಣೇಶನ ಚಪ್ಪರಕ್ಕೆ ಬೊಂಬು ಎಳೆದು ತರುತ್ತಿದ್ದರು. ಗಾಳಿಗೆ ಕಿಟಕಿಯ ಪರದೆ ಒಳಗೆ ಬಂದು, ಹೊರಗೆ ಹೋಗಿ, ಮತ್ತೆ ಒಳಗೆ ಬರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಮೊದಲನೆಯ ಗಂಟು ಸಡಿಲವಾಯಿತು. ಎರಡನೆಯದು ತಾನಾಗಿ ಬಿಚ್ಚಿಕೊಂಡಿತು.

ಅನ್ನ ಸಾರು ಉಂಡೆವು. ಹಾಲಿನಲ್ಲಿ ಚಾಪೆ ಹಾಸಿಕೊಂಡದ್ದು ನೆನಪಿದೆ. ಆಮೇಲೆ ಏನೂ ನೆನಪಿಲ್ಲ.

ಕಣ್ಣು ಬಿಟ್ಟಾಗ ಮುಖದ ಮೇಲೆ ಬಿಸಿಲಿತ್ತು. ಹಾಲಿನವನು ಪ್ಯಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಹೋಗಿ ಎಷ್ಟೋ ಹೊತ್ತಾಗಿರಬೇಕು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಗೋಡೆಯ ಗಡಿಯಾರದಲ್ಲಿ ಏಳೂಕಾಲು. ಆರು ನಲವತ್ತು ನನ್ನನ್ನು ಎಬ್ಬಿಸದೆ ದಾಟಿ ಹೋಗಿತ್ತು. ಮಿಷಿನ್ನಿನ ಮೇಲೆ ಸುಕ್ಕುಸುಕ್ಕಾದ ಒಂದು ಮೊಳ ಲಾಡಿ ನೇರವಾಗಿ ಮಲಗಿತ್ತು. ಒಳಕೋಣೆಯಲ್ಲಿ ಅಕ್ಕ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಹಾಲು ಒಡೆದರೆ ಒಡೆಯಲಿ ಎಂದು ನಾನು ಅಲುಗಾಡದೆ, ಬಾಗಿಲ ಸದ್ದು ಮಾಡದೆ, ಅವಳು ತಾನಾಗಿ ಏಳುವವರೆಗೂ ಹಾಗೇ ಮಲಗಿದ್ದೆ.